ಪ್ಯೂಜೆಟ್ ಸೌಂಡಿನ ಏಡಿ, ಎರಡು ನಿಮಿಷದ ತಪಾಸಣೆ

ಪ್ಯೂಜೆಟ್ ಸೌಂಡಿನಲ್ಲಿ (ಸಿಯಾಟಲ್ ಪಕ್ಕದ ಕಡಲು) ರೂಲ್ಸ್ ಪೂರ್ತಿ ಪಾಲಿಸಿದರೆ ದಿನದ ಮಿತಿಯಾದ ಐದು ಏಡಿ ಸಿಗುವ ಮಾತೇ ಇಲ್ಲ ಅಂತ ಸಿಯಾಟಲ್ ಕಡೆಯ ನಮ್ಮ ಮಂಗಳೂರು-ಕುಂದಾಪುರದ ಬಳಗ ಹೇಳುತ್ತಲೇ ಇತ್ತು. ಕಳೆದ ಎರಡು ಸೀಸನ್ನಿನಲ್ಲಿ, ಹೋದ ದಿನಗಳಲ್ಲಿ ಮುಕ್ಕಾಲು ಪಾಲು ತಲೆಗೆ ಐದು ಡಂಜನೆಸ್ (ಇಲ್ಲಿನ ದೊಡ್ಡ ಏಡಿ) ತಂದಿದ್ದೇನೆ. ಅಧಿಕಾರಿಗಳು ತಪಾಸಣೆ ಮಾಡಿದ್ದು ಆರೇಳು ಸಲ. ದಂಡದ ಚೀಟಿ ಒಂದೂ ಇಲ್ಲ. ಲೈಸೆನ್ಸು, ಹಿಡಿದ ಏಡಿ ಬರೆದಿಡುವ ಕಾರ್ಡು ಎಲ್ಲಿ ಸಿಗುತ್ತದೆ ಅನ್ನುವುದು ನಿಮಗೆ ಗೊತ್ತಿರುವುದೇ, ಬಿಡಿ.

ಮೊದಲು ದುಡ್ಡು ಮುಳುಗಿದ ಜಾಗ: ಹಗ್ಗ. ಮೊದಲ ಬೇಸಿಗೆಯಲ್ಲಿ ಮೂರು ಪಾಟು (ಏಡಿ ಹಿಡಿಯುವ ಬೋನು) ಹೋದವು, ಲೆಕ್ಕ ಹಾಕಿದರೆ 250 ಡಾಲರ್ ಹತ್ತಿರ. ಅಗ್ಗದ ಹಳದಿ ಪಾಲಿಪ್ರೊಪಿಲಿನ್ ಹಗ್ಗ ತೇಲುತ್ತದೆ. ನೀರು ನಿಂತಾಗ ಮೇಲೆ ಸುರುಳಿಯಾಗಿ ಹರಡಿ ಯಾರದೋ ಪ್ರೊಪೆಲರ್‌ಗೆ ಸಿಗುತ್ತದೆ. ಹಗ್ಗ ನೀರಿನ ಮೇಲೆ ತೇಲಬಾರದು ಅನ್ನುವ ರೂಲ್ ನಮ್ಮ ಪಾಟು ಉಳಿಸುವುದಕ್ಕೇ ಇರುವುದು. ಈಗ ಸೀಸದ ಎಳೆ ಇರುವ ಹಗ್ಗ, ಆಳಕ್ಕಿಂತ ಮೂರನೇ ಒಂದು ಭಾಗ ಹೆಚ್ಚು. 60 ಅಡಿ ನೀರಿಗೆ 80 ಅಡಿ. ಪಾಟಿನ ತಳಕ್ಕೆ ಎರಡು ತುಂಡು ಕಬ್ಬಿಣದ ಸರಳು ಕಟ್ಟಿದ ಮೇಲೆ ಇಳಿತದ ಸೆಳೆತಕ್ಕೂ ಅದು ಜಾಗ ಬಿಡುವುದಿಲ್ಲ. ಪಾಟಿನ ಜಾಗ ತೋರಿಸಲು ತೇಲುವ ಅರ್ಧ ಕೆಂಪು ಅರ್ಧ ಬಿಳಿ ಬೂಯಿಯ ಮೇಲೆ ಹೆಸರು, ವಿಳಾಸ ಪ್ರತಿ ಜೂನ್‌ನಲ್ಲಿ ಮತ್ತೆ ಬರೆಯುತ್ತೇನೆ. ಬಿಸಿಲಿಗೆ ಮಾರ್ಕರ್ ಮಾಸಿದರೆ ಹೆಸರೇ ಇಲ್ಲದ ಬೂಯಿ ಅಂತಲೇ ಲೆಕ್ಕ.

ಎರಡನೆಯದು ಪಾಟಿನ ಮುಚ್ಚಳ ಕಟ್ಟುವ ಹತ್ತಿ ದಾರ. ಪಾಟು ಕಳೆದುಹೋದರೆ ದಾರ ಕೊಳೆತು ಮುಚ್ಚಳ ತೆರೆದುಕೊಳ್ಳಬೇಕು, ಇಲ್ಲದಿದ್ದರೆ ಅದು ತಳದಲ್ಲಿ ಕೂತು ಏಡಿ ಕೊಲ್ಲುತ್ತಲೇ ಇರುತ್ತದೆ. ದಾರ ಒಂದು ಇಂಚಿನ ಎಂಟನೇ ಒಂದು ಭಾಗಕ್ಕಿಂತ ದಪ್ಪ ಇರಬಾರದು, ಅಪ್ಪಟ ಹತ್ತಿ ಆಗಿರಬೇಕು. ಅಂಗಡಿಯ 'ಕಾಟನ್' ದಾರದಲ್ಲಿ ನೈಲಾನ್ ಬೆರೆತಿರುವುದುಂಟು. ತುದಿಗೆ ಬೆಂಕಿ ಹಿಡಿಯಿರಿ: ದೀಪದ ಬತ್ತಿಯ ಹಾಗೆ ಉರಿದು ಬೂದಿಯಾದರೆ ಹತ್ತಿ, ಕರಗಿ ಮಣಿಕಟ್ಟಿದರೆ ಬೆರಕೆ. ಒಂದು ವರ್ಷ ನಾಲ್ಕು ಬಗೆಯ ದಾರಕ್ಕೆ ಭಾರ ಕಟ್ಟಿ ಡಾಕ್‌ನಿಂದ ಇಳಿಬಿಟ್ಟಿದ್ದೆ. ಅಪ್ಪಟ ಹತ್ತಿ ಸುಮಾರು ಎರಡು ತಿಂಗಳಿಗೆ ತುಂಡಾಯಿತು, ಬೆರಕೆಯದು ದೀಪಾವಳಿ ಕಳೆದರೂ ಗಟ್ಟಿ.

ಪಾಟಿನ ಮೇಲರ್ಧದಲ್ಲಿರುವ ನಾಲ್ಕೂಕಾಲು ಇಂಚಿನ ರಿಂಗುಗಳನ್ನು ಜಿಪ್ ಟೈ ಹಾಕಿ ಮುಚ್ಚುವವರಿದ್ದಾರೆ. ತಪ್ಪು ಹಾಗಿರಲಿ, ದಡ್ಡತನ. ಮರಿಗಳು ಹೊರಗೆ ಹೋದರೆ ತಾನೇ ದೊಡ್ಡವಕ್ಕೆ ಜಾಗ, ಬೈಟೂ (ಏಡಿಗೆ ಇಡುವ ಆಮಿಷ) ಉಳಿಯುತ್ತದೆ.

ಅಳತೆಯಲ್ಲಿ ಎಡವುವುದು ಹೀಗೆ: ಚಿಪ್ಪಿನ ಎರಡೂ ಬದಿಯ ಕೊನೆಯ ದೊಡ್ಡ ಮುಳ್ಳುಗಳ ತುದಿಯಿಂದ ತುದಿಗೆ ಅಳೆಯುತ್ತಾರೆ. ಆರೂಕಾಲು ಇಂಚು ಬರಬೇಕಾದದ್ದು ಆ ಮುಳ್ಳುಗಳ ಒಳಗೆ, ಅವುಗಳ ಮುಂದಿನ ಸಂದಿನಲ್ಲಿ. ಪ್ಲಾಸ್ಟಿಕ್ ಗೇಜನ್ನು ಸ್ಟೀಲ್ ಸ್ಕೇಲಿಗೆ ಹಿಡಿದು ನೋಡಿ. ನನ್ನ ಮೂರರಲ್ಲಿ ಒಂದು ಕೂದಲೆಳೆ ಚಿಕ್ಕದಿತ್ತು. ಗೇಜ್ 'ಬಹುಶಃ' ಅಂದರೆ ನನ್ನದು 'ಇಲ್ಲ', ನೀರಿಗೆ. ಕಾಲು ಅಮುಕಿದಾಗ ಮೆತ್ತಗಿದ್ದರೆ ಅದೂ ನೀರಿಗೆ, ಅದರಲ್ಲಿ ಮಾಂಸವೂ ಇರುವುದಿಲ್ಲ.

ನಮ್ಮ ಕರಾವಳಿಯವರಿಗೆ ಕಷ್ಟ ಹೆಣ್ಣೇಡಿ. ಊರಲ್ಲಿ ಮೊಟ್ಟೆ ತುಂಬಿದ್ದಕ್ಕೇ ಜಗಳ, ಇಲ್ಲಿ ಡಂಜನೆಸ್ ಹೆಣ್ಣು ಒಂದನ್ನೂ ಇಟ್ಟುಕೊಳ್ಳುವಂತಿಲ್ಲ. ಹೊಟ್ಟೆಯ ಮೇಲಿನ ಮಡಿಕೆ ಅಗಲವಾಗಿದ್ದರೆ ಬಿಡಿ. ಹೆಣ್ಣೇಡಿ ಬೇಕೇ ಬೇಕು ಅನ್ನುವವರಿಗೆ ರೆಡ್ ರಾಕ್ ಅನ್ನುವ ಏಡಿ ಇದೆ: ಕೊಂಬಿನ (ಇಕ್ಕಳದ) ತುದಿ ಕಪ್ಪು, ಕನಿಷ್ಠ ಐದು ಇಂಚು, ದಿನಕ್ಕೆ ಆರು, ಗಂಡಾದರೂ ಸರಿ ಹೆಣ್ಣಾದರೂ ಸರಿ. ಚಿಪ್ಪು ಕಲ್ಲು, ಮಾಂಸ ಕಡಿಮೆ. ಆದರೆ ಸುಕ್ಕಕ್ಕೆ ನನಗೆ ಅದೇ ಇಷ್ಟ.

ಕಾರ್ಡು ಬರೆಯುವ ಹೊತ್ತೇ ಎಲ್ಲ. ಪಾಟು ಎತ್ತು, ಅಳೆ, ಬಿಡುವುದನ್ನು ಬಿಡು, ಇಟ್ಟುಕೊಂಡದ್ದನ್ನು ಬರೆ, ಆಮೇಲೆ ಬೈಟ್ ಹಾಕಿ ಮತ್ತೆ ಇಳಿಸು. 'ಕೊನೆಗೆ ಒಟ್ಟಿಗೆ ಬರೆದರಾಯ್ತು' ಅಂದವರೇ ಸಿಕ್ಕಿಬೀಳುವುದು, ಏಕೆಂದರೆ ಅಧಿಕಾರಿಗಳು ದಡದಿಂದ ಬೈನಾಕ್ಯುಲರ್‌ನಲ್ಲಿ ನೋಡಿಕೊಂಡೇ ಬಂದಿರುತ್ತಾರೆ. ಕಾರ್ಡು, ಎರಡು ಪೆನ್ನು ಒಂದು ಜಿಪ್ ಚೀಲದಲ್ಲಿ ಜಾಕೆಟ್‌ಗೆ ಕಟ್ಟಿದ್ದೇನೆ.

ಅಧಿಕಾರಿ ಬಂದಾಗ ಎಂಜಿನ್ ನ್ಯೂಟ್ರಲ್, ಕೈ ಕಾಣುವ ಹಾಗೆ. ಬಕೆಟ್ ಕಡೆ ಕೈ ಹಾಕಬೇಡಿ. ಅವರು ಹತ್ತಿರ ಬರುವಾಗ ಏಡಿ ನೀರಿಗೆ ಎಸೆಯುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಒಬ್ಬೊಬ್ಬರದು ಒಂದೊಂದು ಬಕೆಟ್ ಇಟ್ಟರೆ ಎಣಿಕೆ ಕೂಡಲೇ ಮುಗಿಯುತ್ತದೆ, 'ಇದು ಭಾವನದ್ದು' ಅನ್ನುವ ವಿವರಣೆ ಬೇಕಾಗುವುದಿಲ್ಲ. ಮಕ್ಕಳಿಗೂ ಕಾರ್ಡು ಬೇಕು ಅನ್ನುವುದನ್ನು ಮರೆಯುವವರು ಜಾಸ್ತಿ. ಡಾಕ್‌ನಲ್ಲೇ ಚಿಪ್ಪು ಕಿತ್ತು ತೊಳೆಯುವ ಚಪಲವೂ ಬೇಡ. ಮನೆ ಮುಟ್ಟುವ ತನಕ ಬೆನ್ನಿನ ಚಿಪ್ಪು ಇರಬೇಕು, ಇಲ್ಲದಿದ್ದರೆ ಅಳೆಯುವುದೇನನ್ನು?

ಬೈಟ್: ಸಾಲ್ಮನ್ ತಲೆ ಒಳ್ಳೆಯದೇ, ಆದರೆ ಸೀಲ್ ಕಾಟ. ಕೋಳಿ ಕಾಲು ಎರಡು ದಿನ ಹೊರಗಿಟ್ಟದ್ದು, ತಾಜಾದ್ದು ಎರಡನ್ನೂ ನೋಡಿದೆ. ಹಳಸಿದ್ದಕ್ಕೆ ಏಡಿ ಹೆಚ್ಚು ಬರುತ್ತದೆ ಅನ್ನುವುದು ಸುಳ್ಳು, ತಾಜಾದ್ದೇ ಗೆದ್ದಿತು. ಒಣ ಸೀಗಡಿ ಪುಡಿಯ ಪ್ರಯೋಗ ಸೊನ್ನೆ. ಈಗ ಕೋಳಿಯ ಜೊತೆ ಇನ್ನೊಂದು ಹಾಕುತ್ತೇನೆ, ಅಡುಗೆಮನೆಯದೇ. ಏನು ಅಂತ ಕೇಳಬೇಡಿ, ಜಾಗವನ್ನೂ ಕೇಳಬೇಡಿ.

ಬಹುತೇಕ ಏರಿಯಾಗಳಲ್ಲಿ ಬೇಸಿಗೆ ಸೀಸನ್ ಗುರುವಾರದಿಂದ ಸೋಮವಾರ. ಮಂಗಳವಾರ ಪಾಟು ನೀರಲ್ಲಿ ಬಿಟ್ಟರೆ ಅದೂ ತಪ್ಪೇ, ಹಾಗಾಗಿ ಹೊರಡುವ ಮುನ್ನ ನಿಮ್ಮ ಏರಿಯಾದ ದಿನ ನೋಡಿಕೊಳ್ಳಿ. ಒಂದೇ ಒಂದು ಏಡಿ ಸಿಗದಿದ್ದರೂ ಬೇಸಿಗೆ ಕಾರ್ಡಿನ ವರದಿ ಅಕ್ಟೋಬರ್ 1ರೊಳಗೆ ಹೋಗಬೇಕು. ತಪ್ಪಿದರೆ ಮುಂದಿನ ಲೈಸೆನ್ಸಿಗೆ 10 ಡಾಲರ್ ಹೆಚ್ಚು. ನಾನೂ ಒಮ್ಮೆ ಕಟ್ಟಿದ್ದೇನೆ.