ಅಪ್ಪಯ್ಯನ ಹೆಸರಿನ ಪಹಣಿಯೂ ನನ್ನ ಖಾತೆಗೆ ಬಂದ ಸಹಾಯಧನವೂ

ಪಿಎಂ ಕಿಸಾನ್ ಯೋಜನೆಯ ಮೊದಲ 2,000 ರೂಪಾಯಿ ಜಮೆಯಾದ ದಿನ, ಆ ಸಂದೇಶವನ್ನು ನಾನು ಮೊದಲು ತೋರಿಸಿದ್ದು ಪಕ್ಕದ ಮನೆಯ ಮಾವನಿಗೆ. ಹೊಸದಾಗಿ ಜಮೀನಿನ ಖಾತೆ ಮಾಡಿಸಿಕೊಂಡವರಿಗೆ ಅದು ಸಿಗುವುದಿಲ್ಲ, ಸುಮ್ಮನೆ ಚಪ್ಪಲಿ ಸವೆಸಬೇಡ ಎಂದು ಅವರು ಎರಡು ವರ್ಷ ಬುದ್ಧಿ ಹೇಳಿದ್ದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. 2019ರ ಫೆಬ್ರವರಿ 1ರ ನಂತರ ಜಮೀನು ಕೊಂಡವರಿಗೆ ಈ ಹಣವಿಲ್ಲ. ಆದರೆ ಖಾತೆದಾರರ ಮರಣದಿಂದ ವಾರಸುದಾರರಿಗೆ ಬಂದ ಜಮೀನಿಗೆ ಆ ಗಡುವು ಅಡ್ಡಬರುವುದಿಲ್ಲ. ಶಿರಸಿ ತಾಲೂಕಿನ ನಮ್ಮ ಅಡಿಕೆ ತೋಟವು ಅಪ್ಪಯ್ಯ ತೀರಿಕೊಂಡ ಮೇಲೂ ಅವರ ಹೆಸರಿನಲ್ಲೇ ಇತ್ತು.

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಮೊದಲ ಅರ್ಜಿ ಒಂದು ಒತ್ತಕ್ಷರಕ್ಕಾಗಿ ಬಿದ್ದುಹೋಯಿತು. ಪಹಣಿಯಲ್ಲಿ ‘ವೆಂಕಟ್ರಮಣ’, ಮರಣ ಪ್ರಮಾಣಪತ್ರದಲ್ಲಿ ‘ವೆಂಕಟರಮಣ’. ಎರಡನೆಯ ಸಲ ವಂಶವೃಕ್ಷಕ್ಕೆ ಮದುವೆಯಾಗಿ ಹೋದ ತಂಗಿಯ ಸಹಿ ಇರಲಿಲ್ಲ. ತಂಗಿಯನ್ನೂ ಬೆಂಗಳೂರಿನ ತಮ್ಮನನ್ನೂ ಒಂದೇ ದಿನ ಕೂರಿಸಿ ಸಹಿ ಮಾಡಿಸಿದ ಉಪಾಯವನ್ನು ಇಲ್ಲಿ ಬರೆಯಲಾರೆ. ಅದು ಮನೆಯೊಳಗಿನ ಮಾತು. ಅಫಿಡವಿಟ್, ಬಸ್ಸು, ಊಟ ಎಲ್ಲ ಸೇರಿ ಎಂಟೊಂಬತ್ತು ಸಾವಿರ ಖರ್ಚಾಗಿರಬೇಕು. ವರ್ಷಕ್ಕೆ ಬರುವ 6,000ಕ್ಕೆ ಇಷ್ಟು ಸುರಿಯುವುದೇ ಎಂದು ಮನೆಯವಳು ನಕ್ಕಿದ್ದುಂಟು. ಆದರೆ ಪಹಣಿ ನನ್ನ ಹೆಸರಿಗಾದರೆ ಮಾತ್ರ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಆ ಐಡಿ ಇದ್ದರೆ ಮಾತ್ರ ಬೆಳೆ ವಿಮೆ, ಹನಿ ನೀರಾವರಿ ಇತ್ಯಾದಿ ಎಂಬುದು ನನ್ನ ಲೆಕ್ಕವಾಗಿತ್ತು.

ಐಡಿ ಆದ ಮೇಲೂ ಹಣ ಬರಲಿಲ್ಲ. ಮೂರು ತಿಂಗಳು ಅಲೆದ ಮೇಲೆ ಕಾರಣ ತಿಳಿಯಿತು. ಹಿಂದೊಮ್ಮೆ ಗ್ಯಾಸ್ ಸಬ್ಸಿಡಿಗೆಂದು ಪೇಟೆಯ ಬ್ಯಾಂಕೊಂದರಲ್ಲಿ ತೆರೆದು ಮರೆತಿದ್ದ ಖಾತೆಗೇ ನನ್ನ ಆಧಾರ್ ಜೋಡಣೆಯಾಗಿ ಉಳಿದಿತ್ತು, ಮತ್ತು ಆ ಖಾತೆ ನಿಷ್ಕ್ರಿಯವಾಗಿತ್ತು. ಅರ್ಜಿಯಲ್ಲಿ ಯಾವ ಪಾಸ್‌ಬುಕ್ಕಿನ ಪ್ರತಿ ಕೊಟ್ಟರೂ ಆಧಾರ್ ಮೂಲಕ ಬರುವ ಹಣವು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ದಾಖಲೆಯಲ್ಲಿ ಜೋಡಣೆ ಇರುವ ಖಾತೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಜೋಡಣೆ ಬದಲಿಸಿದ ಮುಂದಿನ ಕಂತಿಗೇ ಸಂದೇಶ ಬಂತು.

ಹನಿ ನೀರಾವರಿಯಲ್ಲಿ ಮಾತ್ರ ನಾನು ಸ್ವಂತ ಅವಸರದಿಂದ ಕೈ ಸುಟ್ಟುಕೊಂಡೆ. ಎರಡು ಹೆಕ್ಟೇರಿನವರೆಗೆ ಶೇ 90 ಸಹಾಯಧನ ಉಂಟೆಂದು ತಿಳಿದು, ಬೇಸಿಗೆ ಬಂತೆಂಬ ಗಡಿಬಿಡಿಯಲ್ಲಿ, ಕೆಲಸ ಶುರುಮಾಡಬಹುದೆಂಬ ಇಲಾಖೆಯ ಕಾರ್ಯಾದೇಶ ಕೈಸೇರುವ ಮೊದಲೇ ಕೆಳಗಿನ ತೋಟಕ್ಕೆ ಪೈಪು ಹಾಕಿಸಿದೆ. ಸಹಾಯಧನ ಸಿಗದೆ ಸುಮಾರು ನಲವತ್ತು ಸಾವಿರ ಪೂರ್ತಿ ನನ್ನ ಕೈಯಿಂದಲೇ ಹೋಯಿತು.

ಹವಾಮಾನ ಆಧಾರಿತ ವಿಮೆಗೆ ಅಡಿಕೆಯ ಕಂತು ಹೆಕ್ಟೇರಿಗೆ 6,400 ರೂಪಾಯಿ. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗ ಎಷ್ಟು ಬಂದಿದೆ ಎಂದು ಯಾರೂ ತೋಟಕ್ಕೆ ಬಂದು ನೋಡುವುದಿಲ್ಲ, ಪಂಚಾಯತದ ಮಳೆಮಾಪಕ ಹೇಳಿದ್ದೇ ಲೆಕ್ಕ. ಅದನ್ನು ಪರೀಕ್ಷಿಸಲೆಂದು ನಾನೂ ಅಂಗಳದಲ್ಲಿ ಒಂದು ಮಾಪಕ ಇಟ್ಟು, ಒಂದು ಮಳೆಗಾಲವಿಡೀ ಬೆಳಿಗ್ಗೆ ಎಂಟೂವರೆಗೆ ಬರೆದಿಟ್ಟೆ. ನಮ್ಮಲ್ಲಿ ಇನ್ನೂರು ಮುನ್ನೂರು ಮಿಲಿಮೀಟರ್ ಹೆಚ್ಚೇ ಬಿದ್ದಿತ್ತು. ವಿಮೆಗೆ ಆ ಪುಸ್ತಕದಿಂದ ಮೂರು ಕಾಸಿನ ಪ್ರಯೋಜನವಾಗದಿದ್ದರೂ ಕೊಳೆ ತಡೆಯಲು ಬೋರ್ಡೋ ದ್ರಾವಣ ಹೊಡೆಸುವ ಎರಡನೆಯ ಸುತ್ತಿನ ದಿನ ನಿಶ್ಚಯಿಸಲು ಈಗಲೂ ಅದನ್ನೇ ತೆರೆಯುತ್ತೇನೆ.

ಮೇಲಿನ ತೋಟದ ಹನಿ ನೀರಾವರಿಗೆ ಈ ವರ್ಷ ಮತ್ತೆ ಅರ್ಜಿ ಹಾಕಿದ್ದೇನೆ. ಕಾರ್ಯಾದೇಶ ಬರುವವರೆಗೆ ಗುದ್ದಲಿ ಮುಟ್ಟಬೇಡಿರೆಂದು ಆಳುಗಳಿಗೂ ಹೇಳಿಟ್ಟಿದ್ದೇನೆ. ಮಾವ ಈಗ ತಮ್ಮ ಅಣ್ಣನ ಹೆಸರಿನಲ್ಲಿರುವ ಪಹಣಿಯನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದಾರೆ.