ಚುಚ್ಚುಮದ್ದಿನ ಕಾರ್ಡಿನ ಖಾಲಿ ಮನೆಗಳು

ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಕ್ಕಳಿಗೆ ಚಿಕಿತ್ಸೆ ಕೊಡಲು ಆರಂಭಿಸಿದಾಗ ನನ್ನ ಗಮನವೆಲ್ಲ ಹೃದಯದ ಸ್ಕ್ಯಾನ್ ಆದ ಎಕೋ ಪರದೆಯ ಮೇಲಿತ್ತು. ಹೃದಯದ ಎಡಭಾಗದ ಮೈಟ್ರಲ್ ಕವಾಟ ಎಷ್ಟು ಸೋರುತ್ತಿದೆ, ಎಷ್ಟು ಕಿರಿದಾಗಿದೆ, ಬಲೂನಿನಿಂದ ಹಿಗ್ಗಿಸಿದರೆ ಸಾಕೇ, ಶಸ್ತ್ರಚಿಕಿತ್ಸೆಯೇ ಬೇಕೇ? ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು ಚೀಟಿಯ ಕೊನೆಯ ಸಾಲಿನಲ್ಲಿ ಬರೆದು ಕಳುಹಿಸುತ್ತಿದ್ದೆ.

ಸೋರಿಕೆ ಅಲ್ಪವೆಂದು ನಾನೇ ಹೇಳಿ ಕಳುಹಿಸಿದ್ದ ಹುಡುಗಿ ಎರಡು ವರ್ಷದ ಬಳಿಕ ಮರಳಿ ಬಂದಾಗ ಅವಳಿಗೆ ಹದಿನಾಲ್ಕು ವರ್ಷ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಪ್ರತಿ ಚುಚ್ಚುಮದ್ದಿಗೂ ಸಹಿ ಬೀಳಬೇಕಾದ ಕಾರ್ಡಿನಲ್ಲಿ ನಾಲ್ಕು ಸಹಿ, ಮುಂದಿನ ಮನೆಗಳೆಲ್ಲ ಖಾಲಿ.

“ಚುಚ್ಚಿಸಿಕೊಂಡರೆ ಎರಡು ದಿನ ಕಾಲೂರಲು ಆಗುವುದಿಲ್ಲ ಡಾಕ್ಟರ್. ಪರೀಕ್ಷೆ ಇತ್ತು. ಮಂಡಿನೋವೂ ಹೋಗಿತ್ತಲ್ಲ” ಎಂದಳು.

ಜ್ವರದ ಜೊತೆ ಬಂದ ಮಂಡಿನೋವು ಹೋಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ಈ ಜ್ವರಕ್ಕೆ ಮೂಲವಾದ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಮತ್ತೆ ಗಂಟಲಿಗೆ ತಗುಲಿದರೆ, ಅದರ ವಿರುದ್ಧ ಏಳುವ ದೇಹದ ರಕ್ಷಣಾ ಪಡೆ ಅದೇ ಕವಾಟದ ಮೇಲೆ ಇನ್ನೊಮ್ಮೆ ಎರಗಬಹುದು. ಇದನ್ನು ಅವಳಿಗೆ ನಾನು ಬಿಡಿಸಿ ಹೇಳಿರಲೇ ಇಲ್ಲ.

ಅಂದಿನಿಂದ ಚುಚ್ಚುಮದ್ದು ಕೊಡುವ ಕೋಣೆಯಲ್ಲಿ ನಾನೇ ನಿಲ್ಲತೊಡಗಿದೆ. 12 ಲಕ್ಷ ಯೂನಿಟ್‌ನ ಬೆಂಜಥೀನ್ ಪೆನಿಸಿಲಿನ್ ಮಂದವಾದ ಬಿಳಿ ದ್ರವ. ದಪ್ಪ ಸೂಜಿಯೇ ಬೇಕು, ಅವಸರಪಟ್ಟರೆ ನೋವು ಹೆಚ್ಚು. ಅಲರ್ಜಿಯ ಇತಿಹಾಸ ಕೇಳಿಕೊಂಡು, ಪುಡಿಯನ್ನು ಬರಿಯ ನೀರಿನ ಬದಲು ಜಾಗ ಮರಗಟ್ಟಿಸುವ ಲಿಗ್ನೊಕೇನ್‌ನಲ್ಲಿ ಕಲಸುತ್ತೇನೆ. ಸೀಸೆಯನ್ನು ಅಂಗೈಗಳ ನಡುವೆ ಹೊರಳಿಸಿ ಬೆಚ್ಚಗಾಗಿಸುತ್ತೇನೆ. ಚುಚ್ಚುವ ಜಾಗವನ್ನು ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ಹಿಡಿದು, ಆಮೇಲೆ ಎರಡು ಮೂರು ನಿಮಿಷ ಹಿಡಿಸಿ ನಿಧಾನವಾಗಿ ಔಷಧಿ ಬಿಡುತ್ತೇನೆ. ಎಡಕ್ಕೋ ಬಲಕ್ಕೋ ಎಂಬ ತೀರ್ಮಾನ ಮಗುವಿನದು.

‘ಮೂರು ವಾರ ಬಿಟ್ಟು ಬನ್ನಿ’ ಎನ್ನುವುದನ್ನೂ ಬಿಟ್ಟೆ. ಪರೀಕ್ಷೆಯ ದಿನಗಳನ್ನು ಕೇಳಿ, 21ನೆಯ ದಿನದ ಆಸುಪಾಸಿನ ತಾರೀಖನ್ನೇ ಬರೆದುಕೊಡುತ್ತೇನೆ. ಕವಾಟ ಕೆಟ್ಟಿದ್ದರೆ ಇದು 40 ವರ್ಷ ವಯಸ್ಸಿನವರೆಗೂ ಬೇಕಾಗಬಹುದೆಂದು ಮೊದಲ ದಿನವೇ ತಿಳಿಸುತ್ತೇನೆ. ತಂದೆತಾಯಿಯರ ಮುಖ ಬಾಡುತ್ತದೆ, ಆದರೂ ಮುಚ್ಚಿಡುವುದಿಲ್ಲ.

ನನಗೆ ಇಷ್ಟೆಲ್ಲ ಕಲಿಸಿದ ಆ ಹುಡುಗಿಗೆ ಆಗ ಚುಚ್ಚುಮದ್ದು ಕೊಡುವಂತಿರಲಿಲ್ಲ. ಹೃದಯ ಅಷ್ಟು ಸೋತಿರುವಾಗ ಸೂಜಿಯ ನೋವಿಗೆ ರಕ್ತದೊತ್ತಡ ಕುಸಿದರೆ ಜೀವಕ್ಕೇ ಅಪಾಯ. ಮಾತ್ರೆ ಕೊಟ್ಟೆವು. ಶಸ್ತ್ರಚಿಕಿತ್ಸಕರು ಕವಾಟವನ್ನು ಬದಲಿಸದೆ ರಿಪೇರಿ ಮಾಡಿದರು. ಲೋಹದ ಕವಾಟ ಹಾಕಿದ್ದರೆ ಬದುಕಿಡೀ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗಬೇಕಿತ್ತು, ಮುಂದೆ ಬಸಿರಾದರೆ ಅದೇ ದೊಡ್ಡ ಆತಂಕವಾಗುತ್ತಿತ್ತು.

ಚೇತರಿಸಿಕೊಂಡ ಮೇಲೆ ಚುಚ್ಚುಮದ್ದು ಮತ್ತೆ ಆರಂಭವಾಯಿತು. ಈಗ ಸೀಸೆಯನ್ನು ಅಂಗೈಯಲ್ಲಿ ಹೊರಳಿಸುವವಳು ಅವಳೇ. “ಇವತ್ತು ಎಡಕ್ಕೆ” ಎಂದು ಕಾರ್ಡು ಮುಂದೆ ಚಾಚುತ್ತಾಳೆ.