ಪೈಪಿಗಿಂತ ಮೊದಲು ಗುಂಡಿ: ನಮ್ಮ ಸವಳು-ಜವಳು ಹೊಲದ ಅನುಭವ

ಉಪ್ಪು ಹಿಡಿದು ನೀರು ನಿಲ್ಲುವ ಸವಳು-ಜವಳು ಹೊಲಕ್ಕೆ ನೆಲದೊಳಗೆ ಬಸಿ ಪೈಪು ಹಾಕಿಸಿದವರು ನಮ್ಮ ರಾಯಬಾಗ ಕಡೆ ಈಗ ಬೇಕಾದಷ್ಟು ಜನ ಸಿಗುತ್ತಾರೆ. ಕೆಲವರ ಕಬ್ಬು ಎದ್ದು ನಿಂತಿದೆ, ಇನ್ನು ಕೆಲವರಿಗೆ ಪೈಪಿನ ಸಾಲವಷ್ಟೇ ಉಳಿದಿದೆ. ನನ್ನ ನಾಲ್ಕೂವರೆ ಎಕರೆಯಲ್ಲಿ ಕಬ್ಬು ಎದ್ದಿದೆ. ಎಕರೆಗೆ 75 ಸಾವಿರ ಬೇಕು ಎಂದು ಗುತ್ತಿಗೆದಾರರು ಹೇಳಿದ್ದ ಕೆಲಸ ನನಗೆ 45 ಸಾವಿರದ ಆಜುಬಾಜು ಮುಗಿಯಿತು. ದೈವ ಚಲೋ ಇತ್ತು ಎನ್ನುತ್ತಾರೆ ಊರಲ್ಲಿ. ದೈವದ್ದೇನೂ ಇಲ್ಲ. ಪೈಪು ಕೊಳ್ಳುವ ಮೊದಲು ನಾನು ಗರಸಿನ (ಮಣ್ಣಿನ ಕೆಳಗಿನ ಕೊಳೆತ ಕಲ್ಲಿನ ಪದರಿನ) ತನಕ ಗುಂಡಿ ತೋಡಿಸಿ, ಪದರು ಪದರಾಗಿ ಮಣ್ಣು ನೋಡಿದ್ದೆ. ಉಳಿದವರು ಕೊಟೇಶನ್ ನೋಡಿದ್ದರು.

ಹೊಲ ಇರುವುದು ಘಟಪ್ರಭಾ ಎಡದಂಡೆ ಕಾಲುವೆಯ ವಿತರಣಾ ನಾಲೆಗೂ ಹಳ್ಳಕ್ಕೂ ನಡುವಿನ ಇಳಿಜಾರಿನಲ್ಲಿ. ಅಪ್ಪನ ಕಾಲದಲ್ಲಿ ಹಿಂಗಾರಿ ಜೋಳ, ಕಡಲೆ, ಬದುವಿನ ಅಂಚಿಗೆ ಕುಸುಬಿ. ಕಬ್ಬು ಬಂದ ಮೇಲೆ ಹತ್ತು-ಹನ್ನೆರಡು ವರ್ಷ ಎಕರೆಗೆ ನಲವತ್ತು ಟನ್ನಿಗೆ ಮೋಸ ಇರಲಿಲ್ಲ. ಆಮೇಲೆ ಇಳಿಯುತ್ತ ಇಳಿಯುತ್ತ ಹದಿನಾಲ್ಕು-ಹದಿನೈದಕ್ಕೆ ಬಂತು. ಹಳ್ಳದ ದಂಡೆಯ ತಗ್ಗಿನಲ್ಲಿ ಜವಳು ಹಿಡಿದಿದ್ದರೆ ಯಾರಿಗೂ ಆಶ್ಚರ್ಯ ಆಗುತ್ತಿರಲಿಲ್ಲ. ನನ್ನಲ್ಲಿ ಹಿಡಿದದ್ದು ಹೊಲದ ನಟ್ಟನಡುವೆ. ಹಳ್ಳದ ಕಡೆಯ ತುದಿ ಒಣಗಿರುತ್ತಿತ್ತು, ನಡುವೆ ಟ್ರ್ಯಾಕ್ಟರ್ ಹೂತು ಹೋಗುತ್ತಿತ್ತು. ಈ ವಿಚಿತ್ರಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಉತ್ತರ ಇಲ್ಲದೆಯೇ ಔಷಧ ಹೇಳುವವರಿಗೆ ಮಾತ್ರ ಬರ ಇರಲಿಲ್ಲ.

ಮೊದಲ ಔಷಧ ಜಿಪ್ಸಂ. ಎಕರೆಗೆ ಎರಡು ಟನ್ನಿನಂತೆ ಎರಡು ವರ್ಷ ಹಾಕಿಸಿದೆ. ನಲವತ್ತು ಸಾವಿರ ಹೋಯಿತು. ಜಿಪ್ಸಂ ಬಿಡಿಸಿದ ಸೋಡಿಯಂ ನೀರಿನ ಜೊತೆ ಕೆಳಗಿಳಿದು ಹೊರಗೆ ಹೋಗಬೇಕಲ್ಲ? ದಾರಿಯೇ ಇಲ್ಲ. ಮಾಗಿಯಲ್ಲಿ ಮತ್ತೆ ಬಿಳಿ ಉಪ್ಪು ಮೇಲೆದ್ದಿತು. ಆಮೇಲೆ ಬದುವಿನ ಗುಂಟ ನಾಲ್ಕಡಿ ಆಳದ ತೆರೆದ ಕಾಲುವೆ. ಎರೆಮಣ್ಣಿನ ದಡ ಮೊದಲ ಮುಂಗಾರಿಗೇ ಕುಸಿದು ಅರ್ಧ ತುಂಬಿತು. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ: ಹೊಲ ಕೆಸರಾಗಿದ್ದಾಗಲೂ ಆ ಕಾಲುವೆಯಲ್ಲಿ ಹರಿಯುವ ನೀರು ಇರುತ್ತಿರಲಿಲ್ಲ. ನೀರು ಹೀರಲಿ ಎಂದು ನೆಟ್ಟ ನೀಲಗಿರಿ ಸಾಲು ನಾಲೆಯ ಮಗ್ಗುಲಲ್ಲಿ ಬದುಕಿತು, ಬೇಕಾದ ಜಾಗದಲ್ಲಿ ಸತ್ತಿತು. ಮೋಲ್ ನೇಗಿಲನ್ನೂ ಬಿಡಲಿಲ್ಲ. ಎರಡಡಿ ಆಳದಲ್ಲಿ ಕಬ್ಬಿಣದ ಗುಂಡು ಎಳೆದು ಬಿಲ ಮಾಡುವ ಈ ವಿಧಾನ ಜೇಡಿ ಹೆಚ್ಚಿರುವ ಮಣ್ಣಿಗೆ ಅಗ್ಗದ್ದು, ಒಳ್ಳೆಯದು. ಮೊದಲ ವರ್ಷ ನೀರು ಬಂತು, ಎರಡನೇ ಮಳೆಗಾಲಕ್ಕೆ ಬಿಲ ಮುಚ್ಚಿಹೋಯಿತು. ಸೋಡಿಯಂ ಹಿಡಿದ ಜೇಡಿ ನೀರಿನಲ್ಲಿ ಕರಗಿ ರಾಡಿಯಾಗುತ್ತದೆ, ಬಿಲ ಹೇಗೆ ನಿಲ್ಲಬೇಕು?

ಗುಂಡಿ ತೋಡುವ ಯೋಚನೆ ಬಂದದ್ದು ದೂರದಿಂದ. ತಂಗಿಯ ಮಗ ಅಮೆರಿಕದ ಇಲಿನಾಯ್‌ನಲ್ಲಿದ್ದಾನೆ, ಸುತ್ತ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳು. ಅಲ್ಲಿಯ ಡ್ರಮ್ಮರ್ ಎಂಬ ಮಣ್ಣಿನ ಗುಂಡಿಯ ಫೋಟೋ ಕಳಿಸಿದ್ದ. ಫೋರ್ಡ್ ಕೌಂಟಿಯ ಒಂದು ಹಳ್ಳದ ಹೆಸರು ಅದಕ್ಕೆ ಬಂದಿದೆ. ಆ ರಾಜ್ಯದ ಅಧಿಕೃತ ಮಣ್ಣೂ ಅದೇ, 15 ಲಕ್ಷ ಎಕರೆಗೂ ಮೀರಿ ಹರಡಿದೆ. ಹಿಂದೆ ಅಲ್ಲಿ ಆಳೆತ್ತರದ ಹುಲ್ಲುಗಾವಲು, ವರ್ಷದ ಹಲವು ತಿಂಗಳು ನೀರು ನಿಂತ ಜೌಗು. ಮೇಲೆ ಒಂದಡಿಗೂ ಹೆಚ್ಚು ಕಡುಗಪ್ಪು ಮಣ್ಣು, ಅದರ ಕೆಳಗೆ ತುಕ್ಕಿನ ಚುಕ್ಕೆ ತುಂಬಿದ ಬೂದು ಮಣ್ಣು. ಗಾಳಿ ತಂದು ಹಾಸಿದ ನುಣುಪು ಮಣ್ಣೇ ಮೂರೂವರೆಯಿಂದ ಐದಡಿ. ಅದಕ್ಕೂ ಕೆಳಗೆ ಹಿಮನದಿ ಕರಗಿದ ನೀರು ಹಾಸಿಟ್ಟ ಮರಳು ಮಿಶ್ರಿತ ಪದರುಗಳು. ಹತ್ತೊಂಬತ್ತನೇ ಶತಮಾನದಿಂದಲೂ ಅಲ್ಲಿಯ ರೈತರು ಸುಟ್ಟ ಮಣ್ಣಿನ ಕೊಳವೆ ಹೂತು ನೀರು ಬಸಿಯುತ್ತ ಬಂದಿದ್ದಾರೆ, ಈಗ ಪ್ಲಾಸ್ಟಿಕ್ ಪೈಪು. ನಾನು ನನ್ನ ಹೊಲದ ಗೋಳು ಹೇಳಿಕೊಂಡಾಗ ಹುಡುಗ ಕೇಳಿದ್ದು ಇಷ್ಟೇ: "ಮಾಮಾ, ನಿಮ್ಮ ಹೊಲದಾಗ ಐದಡಿ ಕೆಳಗ ಏನೈತಿ?" ಹುಟ್ಟಿದಾಗಿನಿಂದ ಉತ್ತ ಹೊಲ. ಒಂದಡಿಗಿಂತ ಕೆಳಗೆ ಏನಿದೆ ಎಂದು ಯಾರೂ ಗಮನಿಸಿ ನೋಡಿರಲಿಲ್ಲ.

ಹೊಲದ ನಡುವೆ ಆರಡಿ ಉದ್ದ, ಮೂರಡಿ ಅಗಲದ ಗುಂಡಿ. ಜೆಸಿಬಿ ಬೇಡ, ಕೈಯಿಂದಲೇ ತೋಡಿಸಿ. ಬಕೆಟ್ಟು ಗುಂಡಿಯ ಗೋಡೆಯನ್ನು ಸವರಿ ಎಲ್ಲವನ್ನೂ ಒಂದೇ ಬಣ್ಣ ಮಾಡುತ್ತದೆ. ಒಂದು ಮಗ್ಗುಲನ್ನು ಚಾಕುವಿನಿಂದ ಕೆದರಿ ಹಸಿಮೈ ತೆಗೆದೆ. ಮೇಲಿನ ಏಳೆಂಟು ಇಂಚು ಉತ್ತ ಮಣ್ಣು, ನೆತ್ತಿಯಲ್ಲಿ ಉಪ್ಪಿನ ಹುಡಿ. ಅದರ ಕೆಳಗೆ ನಾಲ್ಕೈದು ಇಂಚು ಹಪ್ಪಳದಂತೆ ಪದರುಗಟ್ಟಿದ ಗಟ್ಟಿ ಮಣ್ಣು. ಇದು ಕಬ್ಬಿನ ಟ್ರಾಲಿಗಳು ಹಸಿ ನೆಲದಲ್ಲಿ ಓಡಾಡಿ ಮಾಡಿದ ಕೆಲಸ. ಕಬ್ಬಿನ ಬೇರು ಅಲ್ಲಿಗೆ ಬಂದು ಅಡ್ಡ ತಿರುಗಿತ್ತು. ಆಮೇಲೆ ಮೂರೂವರೆ ಅಡಿಯ ತನಕ ಅಪ್ಪಟ ಎರೆ, ಓರೆಯಾಗಿ ಒಡೆಯುವ ಹೆಂಟೆ, ಮುಟ್ಟಿದರೆ ನುಣ್ಣಗೆ ಹೊಳೆಯುವ ಮೈ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವಾಗ ಹೆಂಟೆಗಳು ಒಂದರ ಮೇಲೊಂದು ಜಾರಿ ಆ ಹೊಳಪು ಬರುತ್ತದೆ. ನೀರು ಜಿನುಗುತ್ತಿದ್ದುದು ಆ ಓರೆ ಸಂದುಗಳಿಂದ ಮಾತ್ರ. ಮೂರೂವರೆಯಿಂದ ಐದಡಿಗೆ ಬಣ್ಣ ಕಂದು, ತುಂಬ ಸುಣ್ಣದ ಹರಳು, ಹಳೆಯ ಬೇರಿನ ದಾರಿಗಳ ಗುಂಟ ತುಕ್ಕಿನ ಗೆರೆ. ಅಲ್ಲಿಂದ ಕೆಳಗೆ ಗರಸು, ಅಂದರೆ ಕೊಳೆತ ಕರಿಕಲ್ಲು.

ಒಂದು ಮಾತು ಇಲ್ಲೇ. ನೀರು ನಿಂತ ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ ಎಂದು ಕೇಳಿಕೊಂಡು ಎರೆಯಲ್ಲಿ ಬೂದು ಹುಡುಕಲು ಹೋಗಬೇಡಿ. ನಮ್ಮ ಕಪ್ಪು ಎಲ್ಲವನ್ನೂ ನುಂಗುತ್ತದೆ. ಬೇರಿನ ಸುತ್ತಲಿನ ತುಕ್ಕು ನೋಡಿ, ಹೆಂಟೆ ಒಡೆದು ಮೂಸಿ ನೋಡಿ. ಕೊಳೆತ ವಾಸನೆ ಯಾವ ಆಳದಿಂದ ಶುರುವಾಗುತ್ತದೋ ಅಲ್ಲಿಂದ ಕೆಳಗೆ ಗಾಳಿ ಆಡುತ್ತಿಲ್ಲ.

ಐದಡಿ ತೋಡುವ ತನಕ ಆಳುಗಳ ಪಾದ ಮಾತ್ರ ಒದ್ದೆಯಾಗಿತ್ತು. ಹಾರೆ ಗರಸಿಗೆ ಇಳಿಯಿತು ನೋಡಿ, ಬುಡದಿಂದ ನೀರು ಬುಗುಬುಗು ಎದ್ದಿತು. ಚಹಾ ಕುಡಿದು ಬರುವಷ್ಟರಲ್ಲಿ ಮೊಣಕಾಲುದ್ದ. ಮರುದಿನ ಬೆಳಿಗ್ಗೆ ನೆಲಮಟ್ಟದಿಂದ ಎರಡೇ ಅಡಿ ಕೆಳಗೆ ಬಂದು ನಿಂತಿತ್ತು. ಅಲ್ಲಿಗೆ ಲೆಕ್ಕ ಬಗೆಹರಿಯಿತು: ನಾನು ಹಾಯಿಸಿದ ನೀರಿಗಿಂತ ಹೆಚ್ಚಾಗಿ ನಾಲೆಯ ನೀರು ಗರಸಿನೊಳಗೆ ಹರಿದು ಬಂದು, ಮೇಲಿನ ಜೇಡಿಯನ್ನು ಕೆಳಗಿನಿಂದ ಒತ್ತುತ್ತಿದೆ. ಹೊಲದ ನಡುವೆ ಗರಸು ಒತ್ತಾಗಿ ಗಟ್ಟಿಯಾಗುತ್ತದೆ, ನೀರಿಗೆ ಮುಂದೆ ದಾರಿ ಸಾಲದು, ಅದಕ್ಕೇ ಜವಳು ಅಲ್ಲಿ. ನನ್ನ ನಾಲ್ಕಡಿ ಕಾಲುವೆ ಯಾಕೆ ಒಣಗಿತ್ತು ಎಂಬುದೂ ತಿಳಿಯಿತು. ಅದರ ತಳ ಜೇಡಿಯಲ್ಲೇ ಇತ್ತು.

ಖಾತ್ರಿಗೆ ಒಂದೂವರೆ ಇಂಚಿನ ಪಿವಿಸಿ ಪೈಪುಗಳನ್ನು ಜೋಡಿ ಜೋಡಿಯಾಗಿ ನಿಲ್ಲಿಸಿದೆ. ಒಂದರ ಬಾಯಿ ಜೇಡಿಯಲ್ಲಿ, ಇನ್ನೊಂದರದು ಗರಸಿನಲ್ಲಿ. ನಾಲೆ ಹರಿಯುವಾಗ ಗರಸಿನ ಪೈಪಿನಲ್ಲಿ ನೀರು ಯಾವಾಗಲೂ ಇನ್ನೊಂದಕ್ಕಿಂತ ಮುಕ್ಕಾಲಡಿ, ಒಂದಡಿ ಮೇಲೆ. ನಾಲೆ ಬಂದ್ ಆದರೆ ವಾರ-ಹತ್ತು ದಿನದಲ್ಲಿ ಅದು ಇಳಿಯುತ್ತಿತ್ತು, ಜೇಡಿಯ ಪೈಪಿನಲ್ಲಿ ಆಮೇಲೆ ನಿಧಾನವಾಗಿ. ಎರಡು ಪೈಪಿನ ನೀರು ಕಲೆಯದಂತೆ ಸುತ್ತಲಿನ ಸಂದನ್ನು ಬಿಗಿ ಮಾಡುವುದರಲ್ಲಿ ಕಸುಬು ಇದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ.

ಗುತ್ತಿಗೆದಾರರ ನಕ್ಷೆಯಲ್ಲಿ ಇಪ್ಪತ್ತು ಮೀಟರಿಗೊಂದು ಸಾಲು, ಮೂರೂವರೆ ಅಡಿ ಆಳ, ಇಡೀ ಹೊಲಕ್ಕೆ. ನಾನು ಮೇಲಿನ ಬದುವಿಗೆ ಅಡ್ಡಲಾಗಿ, ಗರಸನ್ನು ಸೀಳಿಕೊಂಡು ಒಂದೇ ಆಳದ ಸಾಲು ಮೊದಲು ಹಾಕೋಣ ಎಂದೆ. "ಸಾವ್ಕಾರ್ರ, ಆರಡಿ ಆಳಕ್ಕ ಹೋದ್ರ ನೀವು ನಾಲೀ ನೀರನ್ನೇ ಎಳಕೊಂಡ ಕೂತಂಗ ಆಕ್ಕೈತಿ" ಎಂದು ನಕ್ಕರು. ಪಕ್ಕದ ಹೊಲದ ಕಾಕಾ ಇನ್ನೂ ಮುಂದೆ ಹೋಗಿ, "ಎರಿಮಣ್ಣಾಗ ಪೈಪು ಹೂಳೂದಂದ್ರ ರೊಕ್ಕ ಹೂಳಿದಂಗ" ಎಂದಿದ್ದರು. ಈಗ ಅವರ ಹೊಲದಲ್ಲೂ ಗುಂಡಿ ತೋಡಿಯಾಗಿದೆ.

ಕೆಲಸ ಹಿಡಿದದ್ದು ಮೇ ತಿಂಗಳಲ್ಲಿ, ನಾಲೆ ಬಂದ್ ಇದ್ದಾಗ. ಮೇಲಿನ ಬದುವಿಗೆ ಸುಮಾರು ಆರುನೂರು ಅಡಿ ಉದ್ದ, ಆರರಿಂದ ಆರೂವರೆ ಅಡಿ ಆಳ, ನಾಲ್ಕಿಂಚಿನ ತೂತಿನ ಪೈಪು, ಸುತ್ತ ಫಿಲ್ಟರ್ ಬಟ್ಟೆ. ಗರಸಿನ ಮಟ್ಟದ ತನಕ ದಪ್ಪ ಮರಳು. ಇಳಿಜಾರು ನೂರಡಿಗೆ ಎರಡು-ಮೂರು ಇಂಚು. ಗೌಂಡಿಗಳ ನೀರಿನ ಟ್ಯೂಬಿನಲ್ಲೇ ಮಟ್ಟ ಹಿಡಿದೆವು, ಲೇಸರ್ ಯಂತ್ರದ ಬಾಡಿಗೆ ಉಳಿಯಿತು. ನಾಲೆಗೆ ನೀರು ಬಿಟ್ಟ ಮೇಲೆ, ಬೇರೆ ಯಾವ ಸಾಲೂ ಇನ್ನೂ ಇಲ್ಲದಾಗ, ಈ ಒಂದೇ ಸಾಲಿನಿಂದ ನಡುಹೊಲದ ನೀರು ಮೂರು ವಾರದಲ್ಲಿ ಎರಡಡಿಯಿಂದ ನಾಲ್ಕಡಿಯ ಹತ್ತಿರಕ್ಕೆ ಇಳಿಯಿತು. ಅದನ್ನು ನೋಡಿದ ಮೇಲೆಯೇ ಒಳಸಾಲುಗಳಿಗೆ ಕೈ ಹಾಕಿದ್ದು. 120 ಅಡಿಗೊಂದರಂತೆ ನಾಲ್ಕೇ ಸಾಲು ಸಾಕಾದವು. ದುಡ್ಡು ಉಳಿದದ್ದು ಇದರಲ್ಲೇ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಪೈಪು, ಬಟ್ಟೆ, ಹಳ್ಳಕ್ಕೆ ಹೋಗುವ ದೊಡ್ಡ ಪೈಪು ಸೇರಿ 90 ಸಾವಿರ. ಜೆಸಿಬಿಗೆ 45. ಮರಳು, ಸಾಲುಗಳು ಬಂದು ಕೂಡುವ ಚೇಂಬರು, ಆಳುಗಳಿಗೆ 50. ಹಳ್ಳಕ್ಕೆ ದಾರಿ ಕೊಟ್ಟವರ ಬೆಳೆಹಾನಿಗೆ ಏಳೆಂಟು ಸಾವಿರ. ಎಲ್ಲ ಸೇರಿ ಎರಡು ಲಕ್ಷಕ್ಕೆ ಸ್ವಲ್ಪ ಒಳಗೆ. ಪೈಪಿನ ಅಂಗಡಿಯವರು ಬಟ್ಟೆ ಇಲ್ಲದ ಒಂದು ಸುರುಳಿಯನ್ನು ಬಟ್ಟೆ ಇರುವುದರ ದರಕ್ಕೆ ಸೇರಿಸಿದ್ದರು, ಬಿಚ್ಚಿ ನೋಡಿ ವಾಪಸ್ ಕಳಿಸಿದೆ. ಎಲ್ಲ ಸುರುಳಿಯನ್ನೂ ಬಿಚ್ಚಿಸಿ ನೋಡಿ.

ನಾಲ್ಕು ಸಾಲಿನಲ್ಲಿ ನಾಲ್ಕು ತರಹ ಮುಚ್ಚಿ ನೋಡುವ ಚಪಲ ಬಿಡಲಿಲ್ಲ. ಒಂದಕ್ಕೆ ಬರೀ ಮರಳು. ಒಂದಕ್ಕೆ ಬಿರುಕು ಬಿಟ್ಟ ಒಣ ಮೇಲ್ಮಣ್ಣಿನ ಹೆಂಟೆ. ಒಂದಕ್ಕೆ ಕಬ್ಬಿನ ರವದಿ, ಅಂದರೆ ಒಣ ಸೋಗೆ. ನಾಲ್ಕನೆಯದು ಮಳೆಗೆ ಸಿಕ್ಕಿ ತಡವಾಗಿ, ಹಸಿ ಮಣ್ಣಿನಲ್ಲೇ ಮುಚ್ಚಿದ್ದು. ಚೇಂಬರಿನಲ್ಲಿ ಬಕೆಟ್ ಹಿಡಿದು ಗಡಿಯಾರ ನೋಡಿದರೆ ಮರಳಿನ ಸಾಲಿಗೂ ಒಣ ಹೆಂಟೆಯ ಸಾಲಿಗೂ ಹೆಚ್ಚು ಫರಕಿಲ್ಲ. ರವದಿ ಮೊದಲ ವರ್ಷ ಎಲ್ಲರನ್ನೂ ಮೀರಿಸಿತು, ಕೊಳೆತ ಮೇಲೆ ಸುಮಾರು. ಹಸಿಯಲ್ಲಿ ಮುಚ್ಚಿದ್ದು ಇವತ್ತಿಗೂ ಅರ್ಧ ನೀರು ಕೊಡುತ್ತದೆ. ಒಣಗಿದ ಹೆಂಟೆ ಪುಕ್ಕಟೆ ಸಿಗುವಾಗ ಎಲ್ಲಾ ಸಾಲಿಗೂ ಮರಳು ತುಂಬಿಸುವುದು ದಂಡ.

ನೀರು ಹೊರಗೆ ಹೋಗುವ ದಾರಿ ಆದ ಮೇಲೆ ಅದೇ ಜಿಪ್ಸಂ ಕೆಲಸ ಮಾಡಿತು. ಎಕರೆಗೆ ಎರಡು ಟನ್ನೇ, ಆದರೆ ಮೇ ತಿಂಗಳ ಬಿರುಕುಗಳ ಒಳಗೆ ಬೀಳುವಂತೆ. ಮೊದಲ ಮಳೆಗೆ ಹಸಿರು ಗೊಬ್ಬರದ ಡಯಾಂಚ ಬಿತ್ತಿ, ಹೂ ಬರುವ ಮುಂಚೆ ಮಡಚಿ ಹಾಕಿದೆ. ಪ್ರಯೋಗಾಲಯದ ಚೀಟಿ ಓದುವವರಿಗೆ ಒಂದು ಎಚ್ಚರ: ನಮಗೆ ಸಾಮಾನ್ಯವಾಗಿ ಕೊಡುವ ಇ.ಸಿ. (ಉಪ್ಪು ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ) ಮಣ್ಣಿಗೆ ಎರಡೂವರೆ ಪಟ್ಟು ನೀರು ಕಲಸಿ ಅಳೆದದ್ದು. ಸವಳಿಗೆ 4 ಎಂಬ ಗಡಿ ಹೇಳುವುದು ಮಣ್ಣು ನೆನೆದು ಮುದ್ದೆಯಾದಾಗ ಬಸಿದ ನೀರಿಗೆ. ಎರೆಮಣ್ಣಿಗೆ ಚೀಟಿಯ ಅಂಕಿಯನ್ನು ಹೆಚ್ಚುಕಡಿಮೆ ಮೂರರಿಂದ ಗುಣಿಸಿ ನೋಡಿ. ಚೀಟಿಯಲ್ಲಿ ಮೂರೂವರೆ ಇದ್ದದ್ದು ಈಗ ಒಂದರ ಸುತ್ತ ಇದೆ. ಕಬ್ಬು ಮೊದಲ ವರ್ಷ 28 ಟನ್, ಆಮೇಲಿಂದ 38, 40. ಕಡಿದ ಬುಡದಿಂದ ಮತ್ತೆ ಚಿಗುರುವ ಕುಳೆಯೂ 33ಕ್ಕೆ ಕಡಿಮೆ ಬಂದಿಲ್ಲ.

ಈಗ ಬೇಸಿಗೆಯಲ್ಲಿ ಚೇಂಬರಿನ ಬಾಯಿಗೆ ಮುಚ್ಚಳ ಹಾಕಿ ನೀರನ್ನು ಮೂರಡಿಯಲ್ಲಿ ನಿಲ್ಲಿಸುತ್ತಿದ್ದೇನೆ, ಒಂದೆರಡು ಸರದಿ ನೀರು ಉಳಿಯುತ್ತದೆ. ಉಪ್ಪು ಪೂರ್ತಿ ತೊಳೆದು ಹೋಗುವ ಮುಂಚೆ ಇದನ್ನು ಮಾಡಬೇಡಿ, ಅದೇ ಉಪ್ಪು ವಾಪಸ್ ಮೇಲೇರುತ್ತದೆ. ಇಲಿನಾಯ್‌ನಲ್ಲೂ ಕೆಲವರು ಹೀಗೆ ತಡೆಯುತ್ತಾರಂತೆ, ಅಲ್ಲಿ ಕಾರಣ ಬೇರೆ. ಬಸಿದ ನೀರಿನ ಜೊತೆ ನೈಟ್ರೇಟ್ ಮಿಸಿಸಿಪ್ಪಿ ನದಿ ಹಿಡಿದು ಮೆಕ್ಸಿಕೊ ಕೊಲ್ಲಿಯ ತನಕ ಹೋಗಿ ಅಲ್ಲಿಯ ಮೀನಿಗೆ ಕುತ್ತು ತರುತ್ತದೆ.

ನನ್ನ ಪೈಪಿನಿಂದ ಹೋಗುವುದು ಉಪ್ಪು. ಮೊದಲ ವರ್ಷ ಹಳ್ಳಕ್ಕೆ ಬಿದ್ದ ನೀರನ್ನು ಎಮ್ಮೆ ಮೂಸಿ ನೋಡಿ ಬಿಟ್ಟಿತ್ತು, ಕೆಳಗಿನ ಹೊಲದವರು ಜಗಳಕ್ಕೇ ಬಂದಿದ್ದರು. ಈಗ ಬಹಳ ಕಡಿಮೆಯಾಗಿದೆ, ಮಳೆಗಾಲದಲ್ಲಿ ತೊಂದರೆಯೇ ಇಲ್ಲ. ಆದರೆ ಮೇಲಿನ ನಾಲ್ಕು ಹೊಲದವರು ನನ್ನನ್ನು ನೋಡಿ ಇದೇ ಹಳ್ಳಕ್ಕೆ ಪೈಪು ತಿರುಗಿಸಿದರೆ ಬೇಸಿಗೆಯಲ್ಲಿ ಅಲ್ಲಿ ಹರಿಯುವುದು ಬರೀ ಸವಳು ನೀರು. ಎಲ್ಲರದ್ದನ್ನೂ ಕೂಡಿಸಿ ದೊಡ್ಡ ಪೈಪಿನಲ್ಲಿ ನದಿಯ ತನಕ ಒಯ್ಯುವ ಮಾತು ನಡೆದಿದೆ. ತಲೆಗೆ ಹದಿನೆಂಟು-ಇಪ್ಪತ್ತು ಸಾವಿರ ಬೀಳಬಹುದು. ನನ್ನ ಪಾಲು ಕೊಡಲು ನಾನು ಒಪ್ಪಿದ್ದೇನೆ, ಕಾಕಾ ಇನ್ನೂ ಲೆಕ್ಕ ಹಾಕುತ್ತಿದ್ದಾರೆ.